ಹೆಸರು ಕೊಡುವುದಾ, ಅಂಗಡಿ ಕೊಡುವುದಾ? ಹಾಸನದಲ್ಲಿ ನಮ್ಮ ಕಾಫಿ ಪುಡಿ ಅಂಗಡಿ ತೆರೆಯಲು ಕೇಳುತ್ತಿದ್ದಾರೆ

ಪುಡಿ ಅಂಗಡಿ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಲ್ಲಿ ನಮ್ಮದೊಂದು ಕಾಫಿ ಪುಡಿ ಅಂಗಡಿ ಇದೆ. ಅಪ್ಪ 1991ರಲ್ಲಿ ಶುರು ಮಾಡಿದ್ದು. ಹಿಂದುಗಡೆ ಹುರಿಯುವ ಡ್ರಮ್, ಮುಂದುಗಡೆ ಗ್ರೈಂಡರ್. ಗಿರಾಕಿ ಎದುರಿಗೇ ಬೀಜ ತೂಗಿ, ಚಿಕೋರಿ ಎಷ್ಟು ಬೇಕು ಅಂತ ಕೇಳಿ, ಬಿಸಿಬಿಸಿ ಪುಡಿ ಮಾಡಿ ಕೊಡುತ್ತೇವೆ. ಅಪ್ಪನಿಗೆ ಎಪ್ಪತ್ತು ದಾಟಿತು. ಆರು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ.

ಹಾಸನದಿಂದ ತಿಂಗಳಿಗೊಮ್ಮೆ ಬಂದು ಐದು ಕೆಜಿ ಒಯ್ಯುವ ಒಬ್ಬರಿದ್ದಾರೆ. ಸಾಲಗಾಮೆ ರಸ್ತೆಯಲ್ಲಿ ಅವರಿಗೊಂದು ಮಳಿಗೆ ಇದೆಯಂತೆ. "ಅಲ್ಲಿ ನಿಮ್ಮ ಅಂಗಡಿ ತೆರೆಯುತ್ತೇನೆ, ಫ್ರಾಂಚೈಸಿ ಕೊಡಿ" ಎನ್ನುತ್ತಿದ್ದಾರೆ. ನಮ್ಮ ಆಡಿಟರ್ ಬೇರೆ ಹೇಳುತ್ತಾರೆ. ಫ್ರಾಂಚೈಸಿ ಎಲ್ಲ ದೊಡ್ಡವರಿಗೆ, ನೀವು ಸುಮ್ನೆ ಹೆಸರಿಗೆ ಲೈಸೆನ್ಸ್ ಬರೆದುಕೊಟ್ಟು ತಿಂಗಳಿಗಿಷ್ಟು ಅಂತ ತೆಗೆದುಕೊಳ್ಳಿ ಅಂತ.

ಎರಡಕ್ಕೂ ಏನು ವ್ಯತ್ಯಾಸ ಅಂತ ನನಗೆ ಪೂರ್ತಿ ತಿಳಿದಿಲ್ಲ. ದುಡ್ಡಿಗಿಂತ ಜಾಸ್ತಿ ಹೆದರಿಕೆ ಹೆಸರಿನದು. ಮೂವತ್ತು ವರ್ಷ ಒಂದೇ ಹದದಲ್ಲಿ ಹುರಿದಿದ್ದಾರೆ ಅಪ್ಪ. ತಿಳಿದವರು ದಯವಿಟ್ಟು ಹೇಳಿ.

ಲೆಕ್ಕಪತ್ರ, ಹಾಸನ

ಮೇಡಂ, ಸರಳವಾಗಿ ಹೇಳುತ್ತೇನೆ. ಮಕ್ಕಳ ಸ್ಕೂಲ್ ಬ್ಯಾಗ್ ಮೇಲೆ ಕಾರ್ಟೂನ್ ಚಿತ್ರ ಇರುತ್ತದಲ್ಲ, ಅದು ಲೈಸೆನ್ಸ್. ಚಿತ್ರದ ಒಡೆಯರು ಬ್ಯಾಗ್ ಹೊಲಿಯುವವನಿಗೆ ಚಿತ್ರ ಬಳಸುವ ಹಕ್ಕು ಕೊಟ್ಟು ರಾಯಲ್ಟಿ, ಅಂದರೆ ಬಳಕೆಗೆ ಪ್ರತಿಯಾಗಿ ಒಂದು ಪಾಲು, ತೆಗೆದುಕೊಳ್ಳುತ್ತಾರೆ. ಅವನು ಅಂಗಡಿ ಎಷ್ಟು ಹೊತ್ತಿಗೆ ತೆಗೆಯುತ್ತಾನೆ, ಗೋಡೆಗೆ ಯಾವ ಬಣ್ಣ ಬಳಿಯುತ್ತಾನೆ, ಅವರಿಗೆ ಬೇಕಿಲ್ಲ. ನಮ್ಮ ದೇಶದ ಡಾಮಿನೋಸ್ ಅಂಗಡಿಗಳು ಇನ್ನೊಂದು ಥರ. ಅವನ್ನು ನಡೆಸುವುದು ಜುಬಿಲಂಟ್ ಫುಡ್‌ವರ್ಕ್ಸ್ ಎಂಬ ಭಾರತದ ಕಂಪನಿ. ಆದರೆ ಹಿಟ್ಟಿನ ಹದ, ಒಲೆ, ಬೋರ್ಡು, ಡಬ್ಬಿ ಎಲ್ಲ ಮೂಲದವರು ಹೇಳಿದ ಹಾಗೆಯೇ. ಅದು ಫ್ರಾಂಚೈಸಿ. ಲೈಸೆನ್ಸ್‌ನಲ್ಲಿ ಒಂದು ಹಕ್ಕು ಕೊಡುತ್ತೀರಿ. ಫ್ರಾಂಚೈಸಿಯಲ್ಲಿ ಹೆಸರಿನ ಜೊತೆ ವ್ಯಾಪಾರ ನಡೆಸುವ ಪೂರ್ತಿ ರೀತಿಯನ್ನೇ ಕೊಡುತ್ತೀರಿ. ಕಲಿಸಬೇಕು, ನೋಡಿಕೊಳ್ಳಬೇಕು, ತಪ್ಪಿದರೆ ತಿದ್ದಬೇಕು.

ಈಗ ದುಡ್ಡು. ಹಾಸನದ ಅಂಗಡಿ ತಿಂಗಳಿಗೆ 3 ಲಕ್ಷ ವ್ಯಾಪಾರ ಮಾಡಿತು, ನೀವು ಶೇಕಡಾ 6 ರಾಯಲ್ಟಿ ಇಟ್ಟಿರಿ ಅಂದುಕೊಳ್ಳೋಣ. 18,000 ರೂ. ಆಯಿತು. ರಾಯಲ್ಟಿ ಮೇಲೆ ಜಿಎಸ್‌ಟಿ ಶೇಕಡಾ 18. ಅಂದರೆ ಇನ್ನೂ 3,240 ರೂ. ಒಟ್ಟು 21,240 ರೂ. ಅವರ ಕೈಯಿಂದ ಹೋಗುತ್ತದೆ. ಬರೀ ಪುಡಿ ಮಾರುವ ಅಂಗಡಿಯಾಗಿ, ಜಿಎಸ್‌ಟಿ ನೋಂದಣಿಯೂ ಇದ್ದರೆ ಆ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ, ಅಂದರೆ ಅಷ್ಟನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ಕಪ್ ಕಾಫಿ ಮಾರಲು ಹೋಟೆಲ್ ಥರ ಶೇಕಡಾ 5 ಕಟ್ಟಿದರೆ ಕ್ರೆಡಿಟ್ ಇಲ್ಲ, ಪೂರ್ತಿ ಖರ್ಚು. ಪುಡಿ ಅಂಗಡಿಯಾ ಕೆಫೆಯಾ ಅಂತ ಮೊದಲೇ ಕೇಳಿಕೊಳ್ಳಿ.

ಬಿ.ಎಂ. ರಸ್ತೆ

ನಾನು ಇನ್ನೊಂದು ಕಡೆಯವನು. ಫ್ರಾಂಚೈಸಿ ತೆಗೆದುಕೊಂಡು ಕೈ ಸುಟ್ಟುಕೊಂಡವನು. ಕಂಪನಿ ಹೆಸರು ಬೇಡ.

ಚಹಾ ಅಂಗಡಿ. ಸೇರುವ ಫೀಸು 3 ಲಕ್ಷ. ಒಳಗಿನ ಕೆಲಸ ಅವರು ಹೇಳಿದ ಕಂಟ್ರಾಕ್ಟರ್ ಕೈಯಲ್ಲೇ ಮಾಡಿಸಬೇಕು, ಅದಕ್ಕೆ 7 ಲಕ್ಷ. ನಮ್ಮೂರ ಬಡಗಿ 4 ಲಕ್ಷಕ್ಕೆ ಮಾಡಿಕೊಡುತ್ತಿದ್ದ. ಟೀ ಪುಡಿ, ಮಸಾಲೆ, ಲೋಟ ಸಹಿತ ಅವರಿಂದಲೇ ತರಿಸಬೇಕು. ಮಳೆಗಾಲದಲ್ಲಿ ಲಾರಿ ನಾಲ್ಕು ದಿನ ತಡವಾದರೆ ಅಂಗಡಿ ಖಾಲಿ. ನಾನು ಬೇರೆ ಕಡೆ ಕೊಂಡರೆ ಒಪ್ಪಂದ ಮುರಿದ ಹಾಗೆ.

ಎಲ್ಲಕ್ಕಿಂತ ನೋವು ಕೊಟ್ಟಿದ್ದು ರಾಯಲ್ಟಿ. ಅದು ಲಾಭದ ಮೇಲಲ್ಲ, ವ್ಯಾಪಾರದ ಮೇಲೆ. ಬಾಡಿಗೆ, ಕರೆಂಟು, ಇಬ್ಬರು ಹುಡುಗರ ಸಂಬಳ ಕಳೆದು ನನಗೆ ಏನೂ ಉಳಿಯದ ತಿಂಗಳಲ್ಲೂ ಅವರ ಪಾಲು ಹೋಗುತ್ತಿತ್ತು. ಹದಿನಾಲ್ಕು ತಿಂಗಳಿಗೆ ಬಾಗಿಲು ಹಾಕಿದೆ. ತಕರಾರು ತೆಗೆಯೋಣ ಅಂತ ಒಪ್ಪಂದ ಓದಿದರೆ, ಮಧ್ಯಸ್ಥಿಕೆ ದೆಹಲಿಯಲ್ಲಿ ಅಂತ ಬರೆದಿತ್ತು. ಸಹಿ ಹಾಕುವ ದಿನ ನಾನು ಅದನ್ನು ಓದಿರಲಿಲ್ಲ.

ಅಕ್ಕ, ನೀವು ಕೊಡುವ ಜಾಗದಲ್ಲಿದ್ದೀರಿ. ತೆಗೆದುಕೊಳ್ಳುವವನ ಮನೆಯೂ ನಡೆಯಬೇಕು ಅನ್ನುವುದನ್ನು ಮರೆಯಬೇಡಿ. ಇಷ್ಟೇ ಕೇಳಿಕೊಳ್ಳುವುದು.

ಮಿಡಿ ಉಪ್ಪಿನಕಾಯಿ, ಕೊಪ್ಪ

ಬಿ.ಎಂ. ರಸ್ತೆ ಅಣ್ಣನ ಮಾತು ಓದಿ ಬೇಸರವಾಯಿತು. ನನ್ನದು ಲೈಸೆನ್ಸ್ ಅನುಭವ. ಅಲ್ಲೂ ಪೆಟ್ಟು ತಿಂದಿದ್ದೇನೆ, ಆದರೆ ಆಮೇಲೆ ಸರಿ ಮಾಡಿಕೊಂಡೆ.

ನಮ್ಮ ಮಿಡಿ ಉಪ್ಪಿನಕಾಯಿಗೆ ಬೇಡಿಕೆ ಬಂದು ಮನೆಯಲ್ಲಿ ಮಾಡಿ ಪೂರೈಸಲು ಆಗಲಿಲ್ಲ. ಬಯಲುಸೀಮೆ ಕಡೆಯ ಒಂದು ಘಟಕಕ್ಕೆ ಹೆಸರು, ಅಳತೆ ಎರಡೂ ಕೊಟ್ಟೆ. ಬಾಟಲಿಗೆ ಇಷ್ಟು ಅಂತ ಮಾತು. ಮೊದಲ ವರ್ಷ ದುಡ್ಡು ಸರಿಯಾಗಿ ಬಂತು. ಎರಡನೇ ವರ್ಷ ಗಿರಾಕಿಗಳು ನನಗೇ ಫೋನ್ ಮಾಡಲು ಶುರು ಮಾಡಿದರು. "ಏನಮ್ಮ, ಮಿಡಿಯಲ್ಲಿ ಸೊನೆ ವಾಸನೆಯೇ ಇಲ್ಲ." ಹೋಗಿ ನೋಡಿದರೆ ಕಾಡುಮಾವಿನ ಮಿಡಿ ಬದಲು ಎಲ್ಲಿಂದಲೋ ಅಗ್ಗದ ಕಾಯಿ ತರಿಸಿ ಹಾಕುತ್ತಿದ್ದರು. ಒಪ್ಪಂದದಲ್ಲಿ "ಮಾವಿನ ಮಿಡಿ" ಅಂತ ಮಾತ್ರ ಬರೆದಿದ್ದೆವು. ಯಾವ ಮಿಡಿ ಅಂತ ಬರೆದಿರಲಿಲ್ಲ. ನನಗೆ ಅದು ಹೇಳಬೇಕಾದ ವಿಷಯ ಅಂತಲೇ ಹೊಳೆದಿರಲಿಲ್ಲ. ನಮ್ಮ ಕಡೆ ಯಾರು ಕೇಳುತ್ತಾರೆ ಹೇಳಿ!

ಈಗ ಬೇರೆಯವರ ಜೊತೆ ಮಾಡುತ್ತಿದ್ದೇನೆ. ಮಿಡಿ ನಾನೇ ಇಲ್ಲಿಂದ ಉಪ್ಪಿನಲ್ಲಿ ಹಾಕಿ ಕಳಿಸುತ್ತೇನೆ. ಪ್ರತಿ ಬ್ಯಾಚಿನಿಂದ ಎರಡು ಬಾಟಲಿ ನನಗೆ ಬರಬೇಕು. ನನ್ನ ನಾಲಿಗೆ ಒಪ್ಪದಿದ್ದರೆ ಆ ಬ್ಯಾಚಿಗೆ ನನ್ನ ಹೆಸರಿನ ಚೀಟಿ ಅಂಟಿಸುವಂತಿಲ್ಲ. ಚೀಟಿಯಲ್ಲಿ ತಯಾರಿಸಿದವರ ಹೆಸರು, ವಿಳಾಸ, ಅವರ ಆಹಾರ ಸುರಕ್ಷತಾ ಪರವಾನಗಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರುತ್ತದೆ. ಯಾರು ಮಾಡಿದ್ದು ಅಂತ ಜನಕ್ಕೂ ಗೊತ್ತಾಗುತ್ತದೆ.

ಪುಡಿ ಅಂಗಡಿ, ಚಿಕ್ಕಮಗಳೂರು

ಕೊಪ್ಪದ ಅಕ್ಕ, ನಿಮ್ಮ ಮಿಡಿ ಕತೆ ಓದಿ ನಿದ್ದೆ ಬರಲಿಲ್ಲ. ನಮ್ಮದೂ ಹಾಗೇ. ನಿನ್ನೆ ಅಪ್ಪನ ಹತ್ತಿರ ಕೂತು ಹುರಿಯುವ ಕ್ರಮ ಬರೆದುಕೊಳ್ಳೋಣ ಅಂತ ಹೊರಟೆ. "ಬೀಜ ಚಟಪಟ ಅಂದ ಮೇಲೆ ಸ್ವಲ್ಪ ಹೊತ್ತು ಬಿಡು, ವಾಸನೆ ತಿರುಗಿದಾಗ ಇಳಿಸು" ಅಂದರು. ಸ್ವಲ್ಪ ಅಂದರೆ ಎಷ್ಟು ನಿಮಿಷ ಅಂದೆ. ಮಳೆಗಾಲಕ್ಕೊಂದು, ಬೇಸಿಗೆಗೊಂದು ಅಂದರು. ಬೀಜದ ಬಗೆ ನೋಡಿದರೂ ಪೀಬೆರಿ ಬೇರೆ, ಪ್ಲಾಂಟೇಶನ್ ಎ ಬೇರೆ, ರೋಬಸ್ಟಾ ಚೆರಿ ಇನ್ನೂ ಬೇರೆ. ಇದನ್ನು ಹಾಸನದವರಿಗೆ ಕಾಗದದಲ್ಲಿ ಹೇಗೆ ಕೊಡಲಿ?

ಇನ್ನೊಂದು. ನಮ್ಮ ಅಂಗಡಿಗೆ ಇರುವುದು ದೇವರ ಹೆಸರು. ಅದೇ ಹೆಸರಿನ ಅಂಗಡಿಗಳು ಜಿಲ್ಲೆಯಲ್ಲೇ ಬೇಕಾದಷ್ಟಿವೆ. ಟ್ರೇಡ್‌ಮಾರ್ಕ್ ಮಾಡಿಸಿಲ್ಲ. ಲೈಸೆನ್ಸ್ ಕೊಡಲು ಆಗುತ್ತದಾ?

ವಕೀಲ, ಹಾಸನ

ಮೇಡಂ, ನಿಮ್ಮ ಕೊನೆಯ ಪ್ರಶ್ನೆಯೇ ಮೊದಲು ಬರಬೇಕಿತ್ತು. ಲೈಸೆನ್ಸೋ ಫ್ರಾಂಚೈಸಿಯೋ ಆಮೇಲೆ. ಕೊಡುವ ಹೆಸರು ನಿಮ್ಮದು ಅಂತ ತೋರಿಸಲು ಆಗಬೇಕು.

ದೇವರ ಹೆಸರು, ಪವಿತ್ರ ಗ್ರಂಥದ ಹೆಸರು ಒಬ್ಬರ ಸೊತ್ತಾಗುವುದು ಕಷ್ಟ. ಊದುಬತ್ತಿಗೆ "ರಾಮಾಯಣ" ಎಂಬ ಹೆಸರು ತನಗೊಬ್ಬನಿಗೇ ಬೇಕು ಅಂತ ಒಬ್ಬ ವ್ಯಾಪಾರಿ ಕೇಳಿದ್ದನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಒಪ್ಪಲಿಲ್ಲ. ಹಾಗಂತ ದಾರಿ ಮುಚ್ಚಿಲ್ಲ. ಹೆಸರಿನ ಜೊತೆ ನಿಮ್ಮದೇ ಆದ ಒಂದು ಪದ, ಒಂದು ಚಿತ್ರ ಸೇರಿಸಿ ಒಟ್ಟಾಗಿ ಅರ್ಜಿ ಹಾಕಬಹುದು. ಟ್ರೇಡ್‌ಮಾರ್ಕ್‌ಗೆ ಸರಕು, ಸೇವೆಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ, ಕಾಫಿ ಪುಡಿ ಬರುವುದು 30ನೇ ವರ್ಗದಲ್ಲಿ. ಕೆಫೆ ನಡೆಸುವುದಾದರೆ 43ನೇ ವರ್ಗ. ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ದಿಮೆ ಆನ್‌ಲೈನ್‌ನಲ್ಲಿ ಹಾಕಿದರೆ ವರ್ಗವೊಂದಕ್ಕೆ 4,500 ರೂ. ಸಣ್ಣ ಉದ್ದಿಮೆ ಅಂತ ತೋರಿಸಲು ಉದ್ಯಮ್ ನೋಂದಣಿ ಪತ್ರ ಇಟ್ಟುಕೊಳ್ಳಿ. ಕರ್ನಾಟಕದ ಅರ್ಜಿಗಳನ್ನು ನೋಡುವುದು ಚೆನ್ನೈ ಕಚೇರಿ. ಅರ್ಜಿ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ತಕರಾರು ಹಾಕಲು ಬೇರೆಯವರಿಗೆ 4 ತಿಂಗಳು ಸಮಯ ಇರುತ್ತದೆ. ನೋಂದಣಿ ಆದರೆ 10 ವರ್ಷ, ಮತ್ತೆ ನವೀಕರಿಸಬಹುದು.

1991ರಿಂದ ಬಳಸುತ್ತಿದ್ದೀರಿ ಅಂದಿರಿ. ಹಳೇ ಬಿಲ್ ಪುಸ್ತಕ, ಬೋರ್ಡಿನ ಫೋಟೋ, ಪೇಪರ್ ಜಾಹೀರಾತು ಏನಿದ್ದರೂ ಹುಡುಕಿ ಜೋಪಾನ ಮಾಡಿ. ಮೊದಲು ಬಳಸಿದವರ ಹಕ್ಕನ್ನು ನಮ್ಮ ಕಾನೂನು ಕಾಯುತ್ತದೆ, ಆದರೆ ಸಾಕ್ಷಿ ನೀವೇ ಕೊಡಬೇಕು.

ಅಪ್ಪನವರ ಹುರಿಯುವ ಹದದ ಬಗ್ಗೆ: ನಮ್ಮಲ್ಲಿ ವ್ಯಾಪಾರದ ಗುಟ್ಟು ಕಾಯಲೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಒಪ್ಪಂದದಲ್ಲಿ ಗೋಪ್ಯತೆ ಬರೆದಷ್ಟೇ ಬಲ. ಕಲಿತವನು ಒಪ್ಪಂದ ಮುಗಿಸಿ ಹೊರಗೆ ಹೋಗಿ ಪಕ್ಕದಲ್ಲೇ ಪುಡಿ ಅಂಗಡಿ ಹಾಕಿದರೆ ತಡೆಯುವುದು ಸುಲಭವಲ್ಲ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಒಬ್ಬನ ದುಡಿಮೆಗೆ ಅಡ್ಡ ಹಾಕುವ ಷರತ್ತು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಒಪ್ಪಂದ ನಡೆಯುತ್ತಿರುವಾಗ ಬೇರೆಯವರ ಮಾಲು ಮಾರಬೇಡ ಅನ್ನಬಹುದು. ಕೋಕಾ ಕೋಲಾ ಮತ್ತು ಗುಜರಾತ್ ಬಾಟ್ಲಿಂಗ್ ಪ್ರಕರಣದಲ್ಲಿ 1995ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಮುಗಿದ ಮೇಲೆ ಕಷ್ಟ.

ಹಾಗಾಗಿ ನನ್ನ ಸಲಹೆ ಇದು. ಹುರಿಯುವುದನ್ನು ಯಾರಿಗೂ ಕೊಡಬೇಡಿ. ಕೋಲಾ ಕಂಪನಿಯೂ ಬಾಟಲಿ ತುಂಬುವವರಿಗೆ ಕೊಡುವುದು ಸಾರವನ್ನು, ಅದನ್ನು ಮಾಡುವ ವಿಧಾನವನ್ನಲ್ಲ.

ತೋಟದ ಮನೆ, ಬಾಳೆಹೊನ್ನೂರು

ಒಂದು ಮಾತು ಸೇರಿಸಬೇಕು. ಬೋರ್ಡಿನ ಮೇಲೆ "ಚಿಕ್ಕಮಗಳೂರು ಅರೇಬಿಕಾ" ಅಂತ ದೊಡ್ಡದಾಗಿ ಬರೆದು, ಅದನ್ನೇ ನಮ್ಮ ಬ್ರ್ಯಾಂಡ್ ಅಂತ ಬೇರೆಯವರಿಗೆ ಕೊಡುವ ಯೋಚನೆ ಇದ್ದರೆ ಬಿಡಿ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ಕೊಡಗು ಅರೇಬಿಕಾಗಳಿಗೆ 2019ರಲ್ಲಿ ಜಿಐ ಅಂದರೆ ಭೌಗೋಳಿಕ ಗುರುತು ಸಿಕ್ಕಿದೆ. ಅದು ಈ ಮಣ್ಣಿನಲ್ಲಿ ಬೆಳೆಯುವ ಎಲ್ಲರದ್ದು. ಜಿಐಯನ್ನು ಮಾರುವುದಕ್ಕಾಗಲಿ, ಲೈಸೆನ್ಸ್ ಕೊಡುವುದಕ್ಕಾಗಲಿ, ಅಡ ಇಡುವುದಕ್ಕಾಗಲಿ ಬರುವುದಿಲ್ಲ. 1999ರ ಜಿಐ ಕಾಯ್ದೆಯ 24ನೇ ಸೆಕ್ಷನ್ ಅದನ್ನು ಸ್ಪಷ್ಟವಾಗಿ ತಡೆದಿದೆ.

ಬೆಳೆಗಾರನಾಗಿ ನನಗೆ ಇದು ದೊಡ್ಡ ವಿಷಯ. ಯೆಮನ್‌ನಿಂದ ಬಾಬಾ ಬುಡನ್ ಏಳು ಬೀಜ ತಂದು ಚಂದ್ರದ್ರೋಣದ ಮೇಲೆ ನೆಟ್ಟರು ಅಂತ ನಾವೆಲ್ಲ ಹೇಳಿಕೊಳ್ಳುತ್ತೇವೆ. ಆ ಬೆಟ್ಟದ ಹೆಸರನ್ನು ಒಬ್ಬರು ಕಟ್ಟಿಕೊಳ್ಳಬಾರದು. ನಿಮ್ಮ ಬೀಜ ಇಲ್ಲಿಯದ್ದೇ ಆದರೆ ಹಾಗಂತ ಹೇಳಿ, ಹಾಸನದಲ್ಲಿ ಬೇರೆ ಕಡೆಯ ರೋಬಸ್ಟಾ ಬೆರೆತರೆ ಹೇಳಬೇಡಿ.

ಅಮೆರಿಕದಲ್ಲಿರುವ ಹಾಸನದವ

ಇಲ್ಲಿನ ಒಂದು ವಿಷಯ ಹೇಳಿದರೆ ಉಪಯೋಗ ಆಗಬಹುದು. ಅಮೆರಿಕದಲ್ಲಿ ಒಪ್ಪಂದಕ್ಕೆ ಲೈಸೆನ್ಸ್ ಅಂತ ಹೆಸರಿಟ್ಟ ಮಾತ್ರಕ್ಕೆ ಲೈಸೆನ್ಸ್ ಆಗುವುದಿಲ್ಲ. ನಿಮ್ಮ ಹೆಸರು ಬಳಸಲು ಕೊಟ್ಟಿದ್ದೀರಾ? ಅವರು ವ್ಯಾಪಾರ ನಡೆಸುವ ರೀತಿಯ ಮೇಲೆ ಸಾಕಷ್ಟು ಹಿಡಿತ ಇಟ್ಟಿದ್ದೀರಾ, ಇಲ್ಲವೇ ನೆರವು ಕೊಡುತ್ತಿದ್ದೀರಾ? ಅದಕ್ಕಾಗಿ ದುಡ್ಡು ತೆಗೆದುಕೊಳ್ಳುತ್ತೀರಾ? ಈ ಮೂರೂ ಇದ್ದರೆ ಫೆಡರಲ್ ನಿಯಮದ ಪ್ರಕಾರ ಅದು ಫ್ರಾಂಚೈಸಿ. ಆಗ ಸಹಿ ಹಾಕಿಸುವ ಅಥವಾ ದುಡ್ಡು ತೆಗೆದುಕೊಳ್ಳುವ 14 ದಿನ ಮೊದಲೇ ಖರ್ಚು, ಹಳೇ ಕೋರ್ಟ್ ಕೇಸು, ಮುಚ್ಚಿದ ಅಂಗಡಿಗಳ ಲೆಕ್ಕ ಎಲ್ಲ ಇರುವ ದಾಖಲೆ ಕೊಡಬೇಕು. ಬಿ.ಎಂ. ರಸ್ತೆಯವರಿಗೆ ಅಂಥದ್ದೊಂದು ಕೈಗೆ ಬಂದಿದ್ದರೆ ಅವರ 10 ಲಕ್ಷ ಉಳಿಯುತ್ತಿತ್ತೇನೋ.

ವಕೀಲ, ಹಾಸನ

ಹೌದು ಸರ್. ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಕರಾರು ಕಾಯ್ದೆ, ಟ್ರೇಡ್‌ಮಾರ್ಕ್ ಕಾಯ್ದೆ, ತೆರಿಗೆ, ಆಹಾರ ಸುರಕ್ಷತೆ, ಹೀಗೆ ಬೇರೆ ಬೇರೆ ಕಡೆಯಿಂದ ಹೊಂದಿಸಿಕೊಳ್ಳಬೇಕು. ಇಲ್ಲಿ ಕೊಡುವವರ ಮೇಲೆ 14 ದಿನದ ನಿಯಮ ಇಲ್ಲ. ಹಾಗಾಗಿ ಒಪ್ಪಂದವೇ ನಿಮ್ಮ ಕಾನೂನು.

ಹಾಗಂತ ಸಣ್ಣ ಜಾಗದವರ ಒಪ್ಪಂದದಲ್ಲಿ ದೊಡ್ಡವರ ನಲವತ್ತು ಪುಟ ನಕಲು ಮಾಡಿಸಬೇಡಿ. ನಾನು ನೋಡಿದ ಜಗಳಗಳು ಸಣ್ಣ ವಿಷಯಕ್ಕೆ ಹುಟ್ಟಿದ್ದು. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ಗುರುತು ಯಾರ ಫೋನ್ ನಂಬರಿನಲ್ಲಿದೆ? ಒಪ್ಪಂದ ಮುಗಿದ ಮೇಲೆ ಬೋರ್ಡು ಎಷ್ಟು ದಿನದಲ್ಲಿ ಇಳಿಸಬೇಕು? ಉಳಿದ ಪ್ಯಾಕೆಟ್ ಯಾರದು? ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಮಕ್ಕಳು ಮುಂದುವರಿಸಬಹುದಾ? ಇವನ್ನು ಕನ್ನಡದಲ್ಲೇ ಬರೆಸಿ, ಇಬ್ಬರೂ ಓದಿ ಸಹಿ ಹಾಕಿ. ಮಧ್ಯಸ್ಥಿಕೆ ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಇರಲಿ.

ಸಾಲಗಾಮೆ ರಸ್ತೆ

ನಮಸ್ಕಾರ. ಆ ಹಾಸನದವನು ನಾನೇ. ಮಗಳು ಈ ಚರ್ಚೆ ತೋರಿಸಿದಳು. ಎಲ್ಲ ಓದಿದೆ. ನನ್ನ ಕಡೆಯದ್ದೂ ಹೇಳುತ್ತೇನೆ, ಮೇಡಂ ತಪ್ಪು ತಿಳಿಯಬಾರದು.

ನಾನು ಕೆಲಸದಿಂದ ನಿವೃತ್ತಿ ಆಗಿ ಬಂದ ದುಡ್ಡಿನಲ್ಲಿ 8 ಲಕ್ಷ ಇದಕ್ಕೆ ತೆಗೆದಿಟ್ಟಿದ್ದೇನೆ. ಐದು ವರ್ಷ ಕಷ್ಟಪಟ್ಟು ಗಿರಾಕಿ ಮಾಡುತ್ತೇನೆ ಅಂದುಕೊಳ್ಳಿ. ಆಮೇಲೆ ಮೇಡಂ "ಹೆಸರು ವಾಪಸ್ ಕೊಡಿ" ಅಂದರೆ ನನಗೆ ಉಳಿಯುವುದು ಏನು? ಬೋರ್ಡು ಅವರದ್ದು, ಪುಡಿ ಅವರದ್ದು. ಇನ್ನೊಂದು, ನಾನು ಅಂಗಡಿ ಹಾಕಿದ ಮೇಲೆ ಅವರೇ ಹಾಸನದ ಸೂಪರ್ ಮಾರ್ಕೆಟ್‌ಗೆ ಪ್ಯಾಕೆಟ್ ಕಳಿಸಿದರೆ ನನ್ನ ಅಂಗಡಿಗೆ ಯಾರು ಬರುತ್ತಾರೆ? ಇದನ್ನೂ ಒಪ್ಪಂದದಲ್ಲಿ ಬರೆಯಬೇಕಲ್ವಾ?

ನನಗೆ ಫ್ರಾಂಚೈಸಿ, ಲೈಸೆನ್ಸ್ ಅನ್ನುವ ಪದ ಮುಖ್ಯ ಅಲ್ಲ. ಅಂಗಡಿಯ ಮುಂದೆ ಹೋಗುವಾಗ ಆ ಪುಡಿಯ ವಾಸನೆ ನಮ್ಮೂರಲ್ಲೂ ಬರಬೇಕು. ಅಷ್ಟೇ ಆಸೆ.

ಲೆಕ್ಕಪತ್ರ, ಹಾಸನ

ಸರ್ ಕೇಳಿದ್ದು ನ್ಯಾಯವಾಗಿದೆ. ಹೆಸರು ಹಂಚಿಹೋದರೆ ಜನಕ್ಕೆ ಗೊತ್ತೇ ಆಗುವುದಿಲ್ಲ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಎಂಟಿಆರ್ ಹೋಟೆಲ್ ಶುರುವಾಗಿದ್ದು 1924ರಲ್ಲಿ. ಪ್ಯಾಕೆಟ್ ಮಸಾಲೆ ಮಾರುವ ಎಂಟಿಆರ್ ಫುಡ್ಸ್ 2007ರಲ್ಲಿ ನಾರ್ವೆಯ ಓರ್ಕ್ಲಾ ಪಾಲಾಯಿತು. ಹೋಟೆಲ್ ಮಾತ್ರ ಮನೆತನದವರ ಹತ್ತಿರವೇ ಉಳಿಯಿತು. ಅಂಗಡಿಯಲ್ಲಿ ರವೆ ಇಡ್ಲಿ ಪ್ಯಾಕೆಟ್ ಕೊಳ್ಳುವವರಿಗೆ ಇದು ಎಷ್ಟು ಜನಕ್ಕೆ ಗೊತ್ತು? ಅದಕ್ಕೇ ಪ್ಯಾಕೆಟ್ ಯಾರು ಮಾರಬೇಕು, ಅಂಗಡಿ ಯಾರು ನಡೆಸಬೇಕು ಅಂತ ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು.

ತೋಟದ ಮನೆ, ಬಾಳೆಹೊನ್ನೂರು

ಸ್ವಂತ ಶಾಖೆ ತೆರೆಯುವುದನ್ನು ಯಾರೂ ಹೇಳಲಿಲ್ಲ. ನಮ್ಮ ಜಿಲ್ಲೆಯವರೇ ಆದ ವಿ.ಜಿ. ಸಿದ್ಧಾರ್ಥ 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕಾಫಿ ಡೇ ಮೊದಲ ಕೆಫೆ ತೆರೆದರು. ಆಮೇಲೆ ಸ್ವಂತ ಅಂಗಡಿಗಳನ್ನೇ ತೆರೆಯುತ್ತಾ ಬೆಳೆದರು. ಗುಣಮಟ್ಟ ಕೈಯಲ್ಲಿರುತ್ತದೆ ನಿಜ. ಆದರೆ ಪ್ರತಿ ಅಂಗಡಿಯ ಬಂಡವಾಳವೂ ನಮ್ಮದೇ, ಸಾಲವೂ ನಮ್ಮದೇ. ತಂಗಿ, ನಿಮ್ಮ ಒಂದು ಡ್ರಮ್ಮಿನ ಅಂಗಡಿಗೆ ಆ ದಾರಿ ಈಗಲೇ ಬೇಡ ಅನ್ನಿಸುತ್ತದೆ.

ಮಿಡಿ ಉಪ್ಪಿನಕಾಯಿ, ಕೊಪ್ಪ

ಸಾಲಗಾಮೆ ರಸ್ತೆ ಸರ್ ಮಾತು ಓದಿದ ಮೇಲೆ ನನಗೆ ಧೈರ್ಯ ಬಂತು. ವಾಸನೆ ಬೇಕು ಅಂದರಲ್ಲ! ಮೊದಲು ಒಂದು ವರ್ಷ ಸುಮ್ನೆ ಮಾಲು ಕಳಿಸಿ, ಮಾರಿ ನೋಡಿ. ಹೆಸರಿನ ಬೋರ್ಡು ಆಮೇಲೆ.

ಪುಡಿ ಅಂಗಡಿ, ಚಿಕ್ಕಮಗಳೂರು

ಒಂದೂವರೆ ತಿಂಗಳಾಯಿತು. ಏನಾಯಿತು ಅಂತ ಹೇಳಬೇಕು.

ಸರ್ ಮತ್ತು ಅವರ ಮಗಳು ಮನೆಗೆ ಬಂದಿದ್ದರು. ಅಪ್ಪನ ಜೊತೆ ಅರ್ಧ ದಿನ ಕೂತರು. ಈಗ ಮಾಡಿಕೊಂಡಿರುವುದು ಲೈಸೆನ್ಸೂ ಅಲ್ಲ, ಫ್ರಾಂಚೈಸಿಯೂ ಅಲ್ಲ. ಒಂದು ವರ್ಷದ ಪೂರೈಕೆ ಒಪ್ಪಂದ, ಕನ್ನಡದಲ್ಲಿ, ನಾಲ್ಕು ಪುಟ. ಹುರಿಯುವುದು ಇಲ್ಲೇ. ಮಂಗಳವಾರ ಮತ್ತು ಶುಕ್ರವಾರ ಹುರಿದ ಬೀಜ ಮಾರನೇ ದಿನ ಬೇಲೂರು ಮೇಲೆ ಹಾಸನಕ್ಕೆ ಹೋಗುತ್ತದೆ. ಗ್ರೈಂಡರ್ ಅವರದ್ದು. ಗಿರಾಕಿ ಎದುರಿಗೆ ಅವರೇ ಬೀಸುತ್ತಾರೆ. ಅಂಗಡಿಗೆ ಅವರದ್ದೇ ಹೆಸರು. ಒಳಗೆ ಸಣ್ಣ ಫಲಕದಲ್ಲಿ ನಮ್ಮ ಬೀಜ ಇಲ್ಲಿ ಸಿಗುತ್ತದೆ ಅಂತ ಇರುತ್ತದೆ. ರಾಯಲ್ಟಿ ಇಲ್ಲ. ಬೀಜದ ಬೆಲೆಯಲ್ಲೇ ನಮ್ಮ ಲಾಭ. ಎಫ್‌ಎಸ್‌ಎಸ್‌ಎಐ ಆ ಜಾಗಕ್ಕೆ ಬೇರೆಯೇ ಬೇಕು, ಅವರು ಮಾಡಿಸಿಕೊಂಡಿದ್ದಾರೆ. ಚಿಕೋರಿ ಬೆರೆಸಿದರೆ ಕಾಫಿ ಶೇಕಡಾ 51ಕ್ಕಿಂತ ಕಡಿಮೆ ಇರುವಂತಿಲ್ಲ, ಪ್ರಮಾಣ ಚೀಟಿಯಲ್ಲಿ ಇರಲೇಬೇಕು. ಅದು ಹೇಗೂ ನಿಯಮ, ಆದರೂ ಒಪ್ಪಂದದಲ್ಲಿ ಬರೆದಿದ್ದೇವೆ. ಕೊಪ್ಪದ ಅಕ್ಕನ ಮಿಡಿ ನೆನಪಿತ್ತು.

ಸರ್ ಕೇಳಿದ ಎರಡಕ್ಕೂ ಒಪ್ಪಿದೆ. ಈ ವರ್ಷ ಹಾಸನ ಪೇಟೆಯಲ್ಲಿ ಬೇರೆ ಯಾರಿಗೂ ಬೀಜ ಕೊಡುವುದಿಲ್ಲ. ಮುಂದೆ ನಮ್ಮ ಹೆಸರಿನ ಅಂಗಡಿ ಹಾಸನದಲ್ಲಿ ಆಗುವುದಾದರೆ ಮೊದಲ ಹಕ್ಕು ಅವರದ್ದು.

ವಕೀಲ, ಹಾಸನ

ಟ್ರೇಡ್‌ಮಾರ್ಕ್ ಅರ್ಜಿ ಹಾಕಿದಿರಾ?

ಪುಡಿ ಅಂಗಡಿ, ಚಿಕ್ಕಮಗಳೂರು

ಹಾಕಿದೆ ಸರ್, 30ನೇ ವರ್ಗಕ್ಕೆ ಮಾತ್ರ. ಅಪ್ಪ ಮೊದಲು ಬಳಸುತ್ತಿದ್ದ ಕೈ ಗಿರಣಿಯ ಚಿತ್ರ ಸೇರಿಸಿದ್ದೇವೆ. ಅಟ್ಟದಲ್ಲಿ ಹಳೇ ಬಿಲ್ ಪುಸ್ತಕ ಸಿಕ್ಕವು. ಮೊದಲನೆಯದು 1991ರ ನವೆಂಬರ್‌ದು. ಅರ್ಧ ಕೆಜಿ ಪೀಬೆರಿ, ಅಪ್ಪನ ಕೈಬರಹ. ಗೆದ್ದಲು ಒಂದು ಮೂಲೆ ತಿಂದಿದೆ, ತಾರೀಖು ಉಳಿದಿದೆ.

ಸಾಲಗಾಮೆ ರಸ್ತೆ

ಬುಧವಾರ ಮೊದಲ ಚೀಲ ಬಂತು. ಇಪ್ಪತ್ತು ಕೆಜಿ. ಮೇಡಂ ತಾವೇ ಬಸ್ಸಿನಲ್ಲಿ ತಂದರು. ಗ್ರೈಂಡರ್ ಸ್ವಲ್ಪ ದಪ್ಪ ಬೀಸುತ್ತಿತ್ತು. ಮೇಡಂ ಅವರ ತಂದೆಗೆ ಫೋನ್ ಮಾಡಿ, ಅವರು ಹೇಳಿದ ಹಾಗೆ ತಿರುಪು ಬಿಗಿ ಮಾಡಿದೆವು. ಸಂಜೆಗೆ ಆರು ಕೆಜಿ ಹೋಯಿತು.